ಹಸಿರು ಸಬ್ಸಿಡಿ ಸಿಕ್ಕರೆ ಕಂಪನಿಗಳು ಹೊಸದನ್ನು ಕಂಡುಹಿಡಿಯುತ್ತವಾ?

ಪ್ರಶ್ನೆ: ನಮ್ಮದು ಸೋಮವಾರಪೇಟೆ ಕಡೆ ಸಣ್ಣ ಕಾಫಿ ತೋಟ. ನೀರು ಉಳಿಸುವ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ), ಸೋಲಾರ್, ಕರೆಂಟ್ ಗಾಡಿ, ಎಲ್ಲಕ್ಕೂ ಸಬ್ಸಿಡಿ ಅಂತಾರೆ. ಈ ದುಡ್ಡಿನಿಂದ ಕಂಪನಿಗಳು ನಿಜವಾಗಿ ಹೊಸದೇನಾದರೂ ಮಾಡುತ್ತವಾ, ಇಲ್ಲ ಹಳೇ ಮಾಲನ್ನೇ ಬೆಲೆ ಏರಿಸಿ ಮಾರುತ್ತವಾ?

ಉತ್ತರ: ಎರಡೂ ಆಗುತ್ತದೆ. ಎಷ್ಟು ದುಡ್ಡು ಅನ್ನುವುದಕ್ಕಿಂತ ಯಾವ ಷರತ್ತಿನ ಮೇಲೆ ಅನ್ನುವುದು ಮುಖ್ಯ. ಸರ್ಕಾರ ಯಾವುದನ್ನು ಅಳೆದು ದುಡ್ಡು ಕೊಡುತ್ತದೋ, ಕಂಪನಿಯ ಎಂಜಿನಿಯರ್‌ಗಳು ಅದರ ಹಿಂದೆಯೇ ಹೋಗುತ್ತಾರೆ.

ನಮ್ಮ ದೇಶದ ಗಾಳಿಯಂತ್ರಗಳನ್ನೇ ನೋಡಿ. ಯಂತ್ರದ ಬೆಲೆಯ ಶೇ. 80ರಷ್ಟನ್ನು ಮೊದಲ ವರ್ಷವೇ ಸವಕಳಿ (ಯಂತ್ರ ಹಳತಾದಂತೆ ಇಳಿಯುವ ಬೆಲೆ) ಅಂತ ತೋರಿಸಿ ತೆರಿಗೆ ಉಳಿಸಬಹುದಿತ್ತು. ಅದು ಎಷ್ಟು ಕರೆಂಟ್ ಕೊಟ್ಟಿತು ಅನ್ನುವುದು ಈ ರಿಯಾಯಿತಿಯ ಲೆಕ್ಕಕ್ಕೆ ಬರುತ್ತಿರಲಿಲ್ಲ. 2009ರಲ್ಲಿ ಇನ್ನೊಂದು ದಾರಿ ತೆರೆಯಿತು: ಉತ್ಪಾದಿಸಿದ ಪ್ರತಿ ಯೂನಿಟ್‌ಗೆ 50 ಪೈಸೆ. ಯೂನಿಟ್ ಲೆಕ್ಕದಲ್ಲಿ ದುಡ್ಡು ಬಂದರೆ ಒಳ್ಳೆಯ ರೆಕ್ಕೆಗೂ ಬೆಲೆ ಬರುತ್ತದೆ, ಅಲ್ವಾ?

ಚೀನಾದ ಕಥೆ ಇನ್ನೂ ಸ್ವಾರಸ್ಯ. 2017ರಿಂದ ಅಲ್ಲಿ ಕರೆಂಟ್ ಕಾರಿನ ಸಬ್ಸಿಡಿಗೆ ಹೊಸ ಅಳತೆ ಸೇರಿತು. ಬ್ಯಾಟರಿಯ ಒಂದು ಕಿಲೋ ತೂಕದಲ್ಲಿ ಎಷ್ಟು ಶಕ್ತಿ ತುಂಬಿದೆ ಅಂತ ನೋಡತೊಡಗಿದರು. ಕಂಪನಿಗಳು ಅದೇ ತೂಕದಲ್ಲಿ ಹೆಚ್ಚು ಶಕ್ತಿ ಹಿಡಿಯುವ ನಿಕ್ಕಲ್ ಬ್ಯಾಟರಿ ಕಡೆ ಓಡಿದವು. ಅಗ್ಗದ, ಬೆಂಕಿಯ ಭಯ ಕಮ್ಮಿ ಇರುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಿಂದುಳಿಯಿತು. 2019ರಲ್ಲಿ ಸಬ್ಸಿಡಿಗೆ ದೊಡ್ಡ ಕತ್ತರಿ ಬಿತ್ತು. ಮರುವರ್ಷವೇ ಬಿವೈಡಿ ಕಂಪನಿ ಅದೇ ಫಾಸ್ಫೇಟನ್ನು ಉದ್ದನೆಯ ಬ್ಲೇಡ್ ಬ್ಯಾಟರಿಯಾಗಿ ತಂದಿತು. ಹಾಗಂತ ಸಬ್ಸಿಡಿಯೇ ಬೇಡ ಅನ್ನಲಾರೆ. ಅಷ್ಟೊಂದು ಜನ ಕಾರು ಕೊಂಡದ್ದರಲ್ಲಿ ಆ ದುಡ್ಡಿನ ಪಾಲು ದೊಡ್ಡದು. ಮಾರಾಟವೇ ಇಲ್ಲದಿದ್ದರೆ ಕಾರ್ಖಾನೆ ಕಲಿಯುವುದು ಹೇಗೆ?

ಕೊಟ್ಟು ನಿಲ್ಲಿಸಿ ಮತ್ತೆ ಕೊಡುವುದು ಮಾತ್ರ ತೀರಾ ಕೆಟ್ಟದ್ದು. ತೆರಿಗೆ ರಿಯಾಯಿತಿ ಮುಂದುವರಿಯುತ್ತದೋ ಇಲ್ಲವೋ ಎಂಬ ಗೊಂದಲದಲ್ಲಿ ಅಮೆರಿಕ 2012ರಲ್ಲಿ ಸುಮಾರು 13,000 ಮೆಗಾವಾಟ್ ಗಾಳಿಯಂತ್ರ ಹಾಕಿತು, 2013ರಲ್ಲಿ ಬರೀ 1,000 ಚಿಲ್ಲರೆ. ಹೀಗಿದ್ದರೆ ಸಂಶೋಧನೆಗೆ ಯಾರು ದುಡ್ಡು ಹಾಕುತ್ತಾರೆ?

ಈಗ ನಿಮ್ಮ ಪಲ್ಪರ್. ಹಳೇ ರೀತಿಯಲ್ಲಿ ಒಂದು ಕಿಲೋ ಒಣ ಪಾರ್ಚ್‌ಮೆಂಟಿಗೆ (ಸಿಪ್ಪೆ, ಲೋಳೆ ತೆಗೆದು ಒಣಗಿಸಿದ ಬೀಜಕ್ಕೆ) 40 ಲೀಟರ್‌ವರೆಗೆ ನೀರು ಹೋಗುತ್ತಿತ್ತು. ಕೊಲಂಬಿಯಾದ ಸೆನಿಕಾಫೆ ಸಂಶೋಧನಾ ಕೇಂದ್ರ ರೂಪಿಸಿದ ಯಂತ್ರ ಲೋಳೆಯನ್ನು ಉಜ್ಜಿ ತೆಗೆದು, ನೀರಿನ ಖರ್ಚನ್ನು ಸುಮಾರು 1 ಲೀಟರಿಗೆ ಇಳಿಸಿತು. ಕೊಡಗಿನಲ್ಲಿ ಕೊಯ್ಲಿನ ಹೊತ್ತಿಗೆ ತೋಡುಗಳಲ್ಲಿ ನೀರು ಇಳಿದಿರುತ್ತದೆ. ಪಲ್ಪಿಂಗ್ ನೀರು ಅದಕ್ಕೆ ಸೇರಿದರೆ ಮೀನಿಗೆ ಉಸಿರಿಲ್ಲ. ಆದ್ದರಿಂದ ಇಲ್ಲಿ ಒಂದೊಂದು ಲೀಟರೂ ಲೆಕ್ಕಕ್ಕೆ ಬರುತ್ತದೆ.

ಯಂತ್ರದ ಬೆಲೆಯಲ್ಲಿ ಇಷ್ಟು ಪಾಲು ಅಂತ ಸಬ್ಸಿಡಿ ಕೊಟ್ಟರೆ, ಬೆಲೆ ಇಳಿಸಲು ತಯಾರಕರಿಗೆ ಅವಸರವಿಲ್ಲ. ಕಿಲೋಗೆ ಎಷ್ಟು ಲೀಟರ್ ಅಂತ ಅಳೆದು ಕೊಡಬೇಕು ಅನ್ನುವುದು ನನ್ನ ವಾದ. ಸದ್ಯಕ್ಕೆ ನೀವು ಕೊಳ್ಳುವಾಗ ಆ ಲೆಕ್ಕವನ್ನು ಡೀಲರ್ ಕೈಯಲ್ಲಿ ಬರೆಸಿಕೊಳ್ಳಿ. ಸಬ್ಸಿಡಿ ಬಿಟ್ಟು ಪೂರ್ತಿ ಬೆಲೆ ಎಷ್ಟು ಅಂತಲೂ ಕೇಳಿ. ನೀರು ಕಮ್ಮಿಯಾದಷ್ಟೂ ಉಳಿದ ಕೊಳೆನೀರು ಹೆಚ್ಚು ದಟ್ಟವಾಗಿರುತ್ತದೆ. ಅದಕ್ಕೊಂದು ಗುಂಡಿ ಮೊದಲೇ ತೋಡಿಸಿ.