ಹೃದಯ ಮತ್ತೆ ಮಿಡಿದ ಮೇಲೆ ಮೈ ತಣಿಸುವ ಲೆಕ್ಕಾಚಾರ

ನಿಂತಿದ್ದ ಹೃದಯ ಮತ್ತೆ ಮಿಡಿಯತೊಡಗಿದೆ, ರಕ್ತದೊತ್ತಡವೂ ಸಿಗುತ್ತಿದೆ. ಆದರೆ ರೋಗಿ ಕಣ್ಣು ಬಿಡುತ್ತಿಲ್ಲ, ಕೈ ಎತ್ತಿ ಎಂದರೆ ಎತ್ತುತ್ತಿಲ್ಲ. ಮೈ ತಣಿಸುವ ಮಾತು ಬರುವುದು ಇಂಥವರ ವಿಷಯದಲ್ಲಿ ಮಾತ್ರ. ರಕ್ತ ಮರಳಿದ ಮೇಲೂ ಮೆದುಳಿಗೆ ಪೆಟ್ಟು ಬೀಳುತ್ತಲೇ ಇರುತ್ತದೆ: ನರಕೋಶಗಳನ್ನು ಕೆರಳಿಸುವ ಗ್ಲುಟಮೇಟ್ ಎಂಬ ರಾಸಾಯನಿಕ ಉಕ್ಕುತ್ತದೆ, ಕ್ಯಾಲ್ಸಿಯಂ ಜೀವಕೋಶಗಳೊಳಗೆ ನುಗ್ಗುತ್ತದೆ, ಊತ ಬರುತ್ತದೆ. ಮೈಬಿಸಿ ಒಂದು ಡಿಗ್ರಿ ಸೆಲ್ಸಿಯಸ್ ಇಳಿದರೆ ಮೆದುಳಿಗೆ ಬೇಕಾದ ಆಮ್ಲಜನಕ ಸುಮಾರು ಶೇ. 6ರಷ್ಟು ತಗ್ಗುತ್ತದೆ.

2002ರ ಯುರೋಪಿನ ಅಧ್ಯಯನದಲ್ಲಿ ರೋಗಿಗಳನ್ನು 24 ಗಂಟೆ 32–34 ಡಿಗ್ರಿಯಲ್ಲಿಟ್ಟಾಗ, ಮೆದುಳು ಚೆನ್ನಾಗಿ ಉಳಿದವರ ಪ್ರಮಾಣ ಶೇ. 55 ಇತ್ತು, ತಣಿಸದವರಲ್ಲಿ ಶೇ. 39. ಆದರೆ 2013ರಲ್ಲಿ 33 ಮತ್ತು 36 ಡಿಗ್ರಿಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. 2021ರಲ್ಲಿ 33 ಡಿಗ್ರಿಗೆ ಇಳಿಸಿದವರೂ ಜ್ವರವನ್ನಷ್ಟೇ ತಡೆದವರೂ ಸರಿಸುಮಾರು ಸಮನಾಗಿ ಬದುಕುಳಿದರು. ತಣಿಸಿದವರಲ್ಲಿ ಹೃದಯದ ಲಯ ತಪ್ಪಿದ್ದು ಮಾತ್ರ ಹೆಚ್ಚು. ಹಾಗಾಗಿ ಈಗ ಅನೇಕ ಐಸಿಯುಗಳ ಗುರಿ 37.5 ದಾಟದಂತೆ ನೋಡಿಕೊಳ್ಳುವುದು. ಗುರಿ ಸಡಿಲವಾಯಿತೆಂದು ಕಾವಲು ಸಡಿಲಿಸುವಂತಿಲ್ಲ. ಸುಮ್ಮನೆ ಬಿಟ್ಟರೆ ಇಂಥ ರೋಗಿಗಳಿಗೆ ಜ್ವರ ಏರುವುದೇ ಹೆಚ್ಚು.

ಮೊದಲು ಬೇಕಾದದ್ದು ನಂಬಬಹುದಾದ ಅಳತೆ. ಕಂಕುಳಿನ ಥರ್ಮಾಮೀಟರ್ ಇಲ್ಲಿ ಕೆಲಸಕ್ಕೆ ಬಾರದು. ಅನ್ನನಾಳದಲ್ಲಿ ಅಥವಾ ಮೂತ್ರಕೋಶದಲ್ಲಿ ಸಂವೇದಕ ಇಡಬೇಕು. ಮೂತ್ರ ಕಡಿಮೆ ಬರುತ್ತಿದ್ದರೆ ಎರಡನೆಯದೂ ತಡವಾಗಿ ತೋರಿಸುತ್ತದೆ. ಕುತ್ತಿಗೆ, ಕಂಕುಳು, ತೊಡೆಸಂದಿಗೆ ಬಟ್ಟೆ ಸುತ್ತಿದ ಐಸ್ ಪ್ಯಾಕ್ ಇಟ್ಟರೆ ಮೈ ತಣಿಯುತ್ತದೆ ನಿಜ, ಆದರೆ ಐಸ್‌ಗೆ ಎಲ್ಲಿ ನಿಲ್ಲಬೇಕೆಂದು ತಿಳಿಯದು. ರೋಗಿಯ ಉಷ್ಣತೆ ನೋಡಿಕೊಂಡು, ಮೈಗೆ ಸುತ್ತಿದ ಪ್ಯಾಡ್‌ಗಳಲ್ಲಿ ಹರಿಯುವ ನೀರಿನ ಬಿಸಿಯನ್ನು ತಾನೇ ಹೊಂದಿಸುವ ಯಂತ್ರವೇ ಮೇಲು. ಆಸ್ಪತ್ರೆ ತಲುಪುವ ಮೊದಲೇ ತಣ್ಣನೆಯ ಸಲೈನ್ ಲೀಟರ್‌ಗಟ್ಟಲೆ ಹರಿಸುತ್ತಿದ್ದ ಪದ್ಧತಿ ಈಗ ಬೇಡವೆನಿಸಿದೆ: ಶ್ವಾಸಕೋಶದಲ್ಲಿ ನೀರು ತುಂಬುವುದು, ಹೃದಯ ಮತ್ತೆ ನಿಲ್ಲುವುದು ಹೆಚ್ಚಿತ್ತು.

ನಿಜವಾದ ತಲೆನೋವು ನಡುಕ. ನಡುಗುವ ಮೈ ತಣಿಯುವುದಿಲ್ಲ, ಮೇಲಾಗಿ ಆಮ್ಲಜನಕವನ್ನು ಸುಡುತ್ತದೆ. ಕಣ್ಣಿಗೆ ಕಾಣುವ ಮೊದಲೇ ದವಡೆ, ಕುತ್ತಿಗೆ ಮುಟ್ಟಿದರೆ ಕೈಗೆ ತಿಳಿಯುತ್ತದೆ. ರೋಗಿಯ ಉಷ್ಣತೆ ಕದಲದೆ, ಯಂತ್ರದ ನೀರು ಮಾತ್ರ ತಣ್ಣಗಾಗುತ್ತಾ ಹೋದರೆ ಅದೂ ಸುಳಿವೇ. ಒಳಗೆ ನಡುಕವೋ ಜ್ವರವೋ ಹೆಣಗುತ್ತಿದೆ. ನಡುಕ ತಡೆಯಲು ಮೊದಲು ಪ್ಯಾರಾಸಿಟಮಾಲ್, ಮೆಗ್ನೀಸಿಯಂ, ಕೈಕಾಲುಗಳನ್ನು ಬೆಚ್ಚಗಿಡುವುದು (ಚರ್ಮ ಮೋಸಹೋಗುತ್ತದೆ), ಆಮೇಲೆ ನಿದ್ರಾಜನಕ. ಕೊನೆಗೆ ಸ್ನಾಯು ಸಡಿಲಿಸುವ ಔಷಧಿ. ಅದು ಅಪಸ್ಮಾರದ ಸೆಳೆತವನ್ನೂ ಮರೆಮಾಚುವುದರಿಂದ ಮೆದುಳಿನ ವಿದ್ಯುತ್ ಚಟುವಟಿಕೆ ತೋರಿಸುವ ಇಇಜಿ ಜೊತೆಗಿರಬೇಕು.

33ಕ್ಕೆ ಇಳಿಸಿದ್ದರೆ ಮತ್ತೆ ಬೆಚ್ಚಗಾಗಿಸುವ ಹಂತವೇ ಹೆಚ್ಚು ನಾಜೂಕು. ತಣಿಯುವಾಗ ಪೊಟ್ಯಾಸಿಯಂ ಜೀವಕೋಶಗಳೊಳಗೆ ಸರಿದು ರಕ್ತದಲ್ಲಿ ಕಡಿಮೆ ಕಾಣುತ್ತದೆ. ಅದನ್ನು ಧಾರಾಳವಾಗಿ ತುಂಬಿಸಿದ್ದರೆ, ಬಿಸಿಯೇರುವಾಗ ಒಳಗಿದ್ದದ್ದೂ ಹೊರಬಂದು ಹೃದಯದ ಲಯ ಕೆಡುತ್ತದೆ. ತಣಿದಾಗ ಕೊಡುತ್ತಿದ್ದ ಇನ್ಸುಲಿನ್ ಬಿಸಿಯೇರುವಾಗಲೂ ಅದೇ ಪ್ರಮಾಣದಲ್ಲಿ ಹರಿಯುತ್ತಿದ್ದರೆ ಸಕ್ಕರೆ ಕುಸಿಯುತ್ತದೆ. ಗಂಟೆಗೆ 0.25–0.5 ಡಿಗ್ರಿ ಸಾಕು, 36.5 ಮುಟ್ಟಲು 7ರಿಂದ 14 ಗಂಟೆ ಹಿಡಿಯಲಿ.

ತಣಿದ ದೇಹ ನಿದ್ರಾಜನಕವನ್ನು ನಿಧಾನವಾಗಿ ಕರಗಿಸುತ್ತದೆ. ಆದ್ದರಿಂದ ರೋಗಿ ಇನ್ನೂ ಏಳಲಿಲ್ಲವೆಂದು ಎರಡನೇ ದಿನವೇ ಆಸೆ ಬಿಡುವಂತಿಲ್ಲ. ಮೆದುಳಿನ ಭವಿಷ್ಯದ ಮಾತು ಕನಿಷ್ಠ 72 ಗಂಟೆ ಕಳೆದ ಮೇಲೆ, ಔಷಧಿಯ ಮಂಪರು ಇಳಿದಿದೆಯೆಂದು ಖಚಿತವಾದಾಗ.