ಪೊರೆ ತೆಗೆದರೂ ಉಳಿಯಬೇಕಾದ ಚೀಲ

ಮೋತಿಬಿಂದು ಕಣ್ಣಿನ ಮೇಲೆ ಬೆಳೆಯುವ ಪೊರೆಯಲ್ಲ. ಒಳಗಿನ ಮಸೂರವೇ ಮಂಜಾಗುವುದು. ಆ ಮಸೂರವನ್ನು ಹೊತ್ತ ತೆಳುಚೀಲದ ಹಿಂಗೋಡೆ ನಡುವಿನಲ್ಲಿ ಸುಮಾರು 4 ಮೈಕ್ರಾನ್ ದಪ್ಪ, ಅಷ್ಟೇ. ಮಂಜಾದ ಮಸೂರ ತೆಗೆದು ಅದರ ಬದಲು ಕೂರಿಸುವ ಕೃತಕ ಲೆನ್ಸಿನ ಚರಿತ್ರೆಯೆಂದರೆ ಹೆಚ್ಚುಕಡಿಮೆ ಈ ಚೀಲದ್ದೇ ಚರಿತ್ರೆ.

ಯುದ್ಧವಿಮಾನ ಚಾಲಕರ ಕಣ್ಣಿಗೆ ಹೊಕ್ಕ ಅಕ್ರಿಲಿಕ್ ಚೂರುಗಳು ಉರಿಯೂತ ಎಬ್ಬಿಸದೆ ಸುಮ್ಮನಿದ್ದುದನ್ನು ಗಮನಿಸಿದ ಬ್ರಿಟಿಷ್ ಕಣ್ಣಿನ ವೈದ್ಯ ಹೆರಾಲ್ಡ್ ರಿಡ್ಲಿ, 1949ರ ನವೆಂಬರ್ 29ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಮೊದಲ ಲೆನ್ಸ್ ಹಾಕಿದರು. ಚೀಲದ ಹಿಂಗೋಡೆಗೆ ಆನಿಸಿದ್ದು ಸರಿಯೇ. ಆದರೆ ಭಾರದ ಲೆನ್ಸಿಗೆ ಹಿಡಿತವಿರದೆ ಕೆಲವರಲ್ಲಿ ಜಾರಿತು. ಪವರ್ ಲೆಕ್ಕವೂ ತಪ್ಪಿ ಮೊದಲ ರೋಗಿಗೆ ಭಾರಿ ಮೈನಸ್ ಪವರ್ (ಸಮೀಪದೃಷ್ಟಿ) ಉಳಿಯಿತು. ಆಮೇಲೆ ಪಾಪೆಯ ಮುಂದೆ ಕೂರಿಸಿದ ಎಷ್ಟೋ ಲೆನ್ಸುಗಳು ಕಾರ್ನಿಯಾವನ್ನೇ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಕೆಡಿಸಿದವು.

ಹಾಗಾಗಿ ಚೀಲಸಮೇತ ಮಸೂರ ಕಿತ್ತು ದಪ್ಪ ಕನ್ನಡಕ ಕೊಡುವುದೇ ದಶಕಗಟ್ಟಲೆ ನಡೆಯಿತು. ಡಾ. ಎಂ.ಸಿ. ಮೋದಿಯವರ ಕಣ್ಣಿನ ಶಿಬಿರಗಳ ಕಾಲದ ಅಜ್ಜ-ಅಜ್ಜಿಯರ ಸೋಡಾಬುಡ್ಡಿ ಕನ್ನಡಕ ನೆನಪಿದೆಯಲ್ಲ? ಸುಮಾರು +10 ಪವರಿನ ಆ ಗಾಜು ಎಲ್ಲವನ್ನೂ ಕಾಲುಪಾಲು ಹಿಗ್ಗಿಸಿ ತೋರಿಸುತ್ತಿತ್ತು, ಮೆಟ್ಟಿಲಿಳಿಯುವುದೇ ಕಷ್ಟ.

1980ರ ದಶಕದಲ್ಲಿ ವೈದ್ಯರು ಮತ್ತೆ ಚೀಲಕ್ಕೆ ಮರಳಿದರು. ಮದುರೈಯ ಅರೋಲ್ಯಾಬ್ 1992ರಲ್ಲಿ ಅಗ್ಗದ ಲೆನ್ಸ್ ತಯಾರಿಸತೊಡಗಿದ ಮೇಲೆ ಬಡವರ ಕಣ್ಣಿಗೂ ಲೆನ್ಸ್ ಬಂತು. ಈಗ ಚೀಲದ ಮುಂಗೋಡೆಯಲ್ಲಿ 5ರಿಂದ 5.5 ಮಿ.ಮೀ. ದುಂಡು ಕಿಂಡಿ ಮಾಡಿ, 6 ಮಿ.ಮೀ. ಲೆನ್ಸಿನ ಅಂಚು ಅದರಡಿ ಸಿಕ್ಕಿಕೊಳ್ಳುವಂತೆ ಕೂರಿಸುತ್ತಾರೆ.

ಶಸ್ತ್ರಚಿಕಿತ್ಸೆಯ ವೇಳೆ ಹಿಂಗೋಡೆ ಹರಿದರೆ ಕಣ್ಣಿನ ಹಿಂಭಾಗ ತುಂಬಿರುವ ಲೋಳೆ ಮುಂದೆ ನುಗ್ಗುತ್ತದೆ. ಅದನ್ನು ಎಳೆಯಬಾರದು, ರೆಟಿನಾ (ಕಣ್ಣಿನ ಹಿಂದಿನ ನೋಟದ ಪದರ) ಹರಿದೀತು. ಲೋಳೆ ಕತ್ತರಿಸುವ ಉಪಕರಣವಾದ ವಿಟ್ರೆಕ್ಟಮಿ ಕಟರಿನಿಂದ ಕತ್ತರಿಸಿಯೇ ತೆಗೆಯಬೇಕು. ಮುಂಗೋಡೆ ಗಟ್ಟಿಯಿದ್ದರೆ ಅದರ ಮೇಲೆ ಮೂರು ತುಂಡಿನ (ತೆಳು ಕಾಲುಗಳನ್ನು ಬೇರೆಯಾಗಿ ಜೋಡಿಸಿದ) ಲೆನ್ಸ್ ಇಡಬಹುದು, ಸಾಮಾನ್ಯವಾಗಿ ಪವರನ್ನು 0.5ರಿಂದ 1 ಡಯಾಪ್ಟರ್ (ಲೆನ್ಸ್ ಪವರಿನ ಅಳತೆ) ಇಳಿಸಿ. ಒಂದೇ ತುಂಡಿನ ಅಕ್ರಿಲಿಕ್ ಲೆನ್ಸ್ ಅಲ್ಲಿ ಬೇಡ: ಅದರ ದಪ್ಪ ಕಾಲುಗಳು ಐರಿಸ್‌ಗೆ (ಪಾಪೆಯ ಸುತ್ತಲಿನ ಬಣ್ಣದ ಪರದೆ) ಉಜ್ಜಿ ಉರಿಯೂತ, ಕಣ್ಣೊಳಗಿನ ಒತ್ತಡ ತರುತ್ತವೆ.

ತಿಂಗಳು, ವರ್ಷ ಕಳೆದು ‘ಪೊರೆ ಮತ್ತೆ ಬಂತು’ ಎನ್ನುವವರಲ್ಲಿ ಮಂಜಾಗಿರುವುದು ಸಾಮಾನ್ಯವಾಗಿ ಹಿಂಗೋಡೆ. ಯಾಗ್ ಲೇಸರ್ ಕೆಲವೇ ನಿಮಿಷದಲ್ಲಿ ಅಲ್ಲೊಂದು ಕಿಂಡಿ ತೆರೆಯುತ್ತದೆ.

ನಿಜವಾಗಿ ಹೆದರಬೇಕಾದದ್ದು ಸೋಂಕಿಗೆ. ಅದಕ್ಕೇ ಕೊಯ್ಯುವ ಮುನ್ನ ಸೂಕ್ಷ್ಮಾಣು ಕೊಲ್ಲುವ 5% ಪೊವಿಡೋನ್ ಅಯೋಡಿನ್ ದ್ರಾವಣ ಕಣ್ಣಿಗೆ ಹಾಕಿ 3 ನಿಮಿಷ ಬಿಡುವುದು, ಮುಗಿಸುವಾಗ ಒಳಗೆ 1 ಮಿ.ಗ್ರಾಂ ಸೆಫ್ಯುರಾಕ್ಸಿಮ್ ಆ್ಯಂಟಿಬಯಾಟಿಕ್ ಕೊಡುವುದು. ಶಸ್ತ್ರಚಿಕಿತ್ಸೆಯ ಮೊದಲ ವಾರದಲ್ಲಿ ನೋವು ಹೆಚ್ಚಿ ನೋಟ ಕುಂದಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಲೋಳೆಯ ಮಾದರಿ ತೆಗೆದು, ವರದಿಗೆ ಕಾಯದೆ, ಕಣ್ಣೊಳಕ್ಕೇ ಎರಡು ಆ್ಯಂಟಿಬಯಾಟಿಕ್, ಅಂದರೆ ವ್ಯಾಂಕೊಮೈಸಿನ್ 1 ಮಿ.ಗ್ರಾಂ, ಸೆಫ್ಟಾಜಿಡಿಮ್ 2.25 ಮಿ.ಗ್ರಾಂ ಚುಚ್ಚುತ್ತಾರೆ.