ನೀಲಿ ಹೊಗೆ: ಟರ್ಬೊ ಬಿಚ್ಚುವ ಮೊದಲು ನೋಡಬೇಕಾದ್ದು

ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ ಎಂದರ್ಥ. ಅದು ಒಳಗೆ ಸೇರುತ್ತಿರುವುದು ಪಿಸ್ಟನ್ ರಿಂಗ್‌ನಿಂದಲೋ, ವಾಲ್ವ್ ಸೀಲ್‌ನಿಂದಲೋ, ಟರ್ಬೊದಿಂದಲೋ (ಎಕ್ಸಾಸ್ಟ್ ಬಲದಿಂದ ತಿರುಗಿ ಎಂಜಿನ್‌ಗೆ ಗಾಳಿ ಒತ್ತುವ ಫ್ಯಾನ್), ಬ್ರೀದರ್‌ನಿಂದಲೋ (ಎಂಜಿನ್ ಒಳಗಿನ ಒತ್ತಡ ಹೊರಬಿಡುವ ದಾರಿ) ಎಂಬುದಷ್ಟೇ ಪ್ರಶ್ನೆ. ಡಿಪ್‌ಸ್ಟಿಕ್‌ನ ಮೇಲಿನ ಗೆರೆ ದಾಟಿ ಆಯಿಲ್ ಇದ್ದರೆ ಮೊದಲು ಅದನ್ನು ಇಳಿಸಿ.

ಹೊಗೆ ಯಾವಾಗ?

ರಾತ್ರಿ ನಿಂತ ಗಾಡಿ ಬೆಳಿಗ್ಗೆ ಸ್ಟಾರ್ಟ್ ಆದ ಕೂಡಲೇ ಒಮ್ಮೆ ಬುಸ್ಸೆಂದು ಬಿಟ್ಟು ನಿಂತರೆ ವಾಲ್ವ್ ಸೀಲ್. ಲೋಡ್ ಮೇಲೆ ಬಿಡದೆ ಬಂದರೆ ರಿಂಗ್. ಚೋರ್ಲಾ ಘಾಟ್ ಇಳಿಯುತ್ತ ಆಕ್ಸಿಲರೇಟರ್ ಬಿಟ್ಟು, ಕೆಳಗೆ ಮತ್ತೆ ಒತ್ತಿದಾಗ ಬಂದರೆ ವಾಲ್ವ್ ಗೈಡ್. ಆದರೆ ಇದು ಪೆಟ್ರೋಲ್ ಗಾಡಿಯ ಪರೀಕ್ಷೆ. ಹಳೆಯ ಡೀಸೆಲ್‌ಗಳಲ್ಲಿ ಥ್ರಾಟಲ್ (ಗಾಳಿ ತಡೆಯುವ ಬಾಗಿಲು) ಇಲ್ಲದ್ದರಿಂದ ಗೈಡ್ ಮೂಲಕ ಆಯಿಲ್ ಎಳೆಯುವಂಥ ವ್ಯಾಕ್ಯೂಮ್ ಹುಟ್ಟುವುದಿಲ್ಲ. ಬಹಳ ಹೊತ್ತು ಐಡಲ್‌ನಲ್ಲಿ ಬಿಟ್ಟು ರೇಸ್ ಕೊಟ್ಟಾಗ ದಟ್ಟವಾಗಿ ಬಂದರೆ ಟರ್ಬೊ ಮೇಲೆ ಅನುಮಾನ. ಅನುಮಾನ ಅಷ್ಟೇ, ತೀರ್ಮಾನ ಅಲ್ಲ.

ಟರ್ಬೊ ಸೀಲ್ ಎಂಬುದು ಹೇಗೆ ಕೆಲಸ ಮಾಡುತ್ತದೆ?

ಸಾಕಷ್ಟು ಜನ ಎಡವುವ ಜಾಗ ಇದು. ಸೀಲ್ ಅಂದ ಕೂಡಲೇ ರಬ್ಬರ್ ಆಯಿಲ್ ಸೀಲ್ ಕಣ್ಣಿಗೆ ಬರುತ್ತದೆ. ಟರ್ಬೊ ಶಾಫ್ಟ್ ಮೇಲಿರುವುದು ಪಿಸ್ಟನ್ ರಿಂಗ್‌ನಂಥ ಸಣ್ಣ ಲೋಹದ ರಿಂಗ್. ಅದರ ತುದಿಗಳ ನಡುವೆ ಸಂದು ಇದ್ದೇ ಇರುತ್ತದೆ. ಆಯಿಲನ್ನು ತಡೆಯುವುದರಲ್ಲಿ ಒತ್ತಡದ್ದೇ ದೊಡ್ಡ ಪಾಲು: ಒಂದು ಕಡೆಯಿಂದ ಬೂಸ್ಟ್ ಗಾಳಿ, ಇನ್ನೊಂದು ಕಡೆಯಿಂದ ಎಕ್ಸಾಸ್ಟ್ ಗ್ಯಾಸ್ ಅದನ್ನು ಒಳಕ್ಕೇ ಒತ್ತಿ ಹಿಡಿಯುತ್ತವೆ. ಪಂಪ್ ಒತ್ತಡದಿಂದ ಬಂದ ಆಯಿಲ್, ಬೇರಿಂಗ್ ದಾಟಿದ ಮೇಲೆ ಬರೀ ತನ್ನ ಭಾರದಿಂದ ರಿಟರ್ನ್ ಪೈಪ್‌ನಲ್ಲಿ ಸಂಪ್‌ಗೆ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿಗೆ) ಇಳಿಯಬೇಕು. ಅದನ್ನು ಕೆಳಗೆ ಎಳೆಯುವ ಶಕ್ತಿ ಬೇರೆ ಯಾವುದೂ ಇಲ್ಲ.

ಆದ್ದರಿಂದ ರಿಟರ್ನ್ ಕಟ್ಟಿದರೆ, ಮೋರಿ ಕಟ್ಟಿದ ಬಚ್ಚಲದ ನೀರು ಹೊಸ್ತಿಲು ದಾಟುವ ಹಾಗೆ, ಆಯಿಲ್ ಒಳ್ಳೆಯ ಸೀಲನ್ನೂ ದಾಟುತ್ತದೆ. ಹೊಸ ಟರ್ಬೊ ಹಾಕಿದರೂ ಅದೇ ಹೊಗೆ. ಪೈಪ್ ಬಿಚ್ಚಿ ಬೆಳಕು ಹಾಯಿಸಿ ನೋಡಿ. ಫ್ಲೇಂಜ್‌ನ ಒಳ ಅಂಚಿಗೆ ಬೆರಳಾಡಿಸಿ: ಗ್ಯಾಸ್ಕೆಟ್ ಬದಲು ಸಿಲಿಕೋನ್ ಬಳಿದಿದ್ದರೆ ಅದು ಒಳಕ್ಕೆ ಉಬ್ಬಿ ದಾರಿ ಮುಚ್ಚಿರುತ್ತದೆ. ಕರಕಲಾದ ಆಯಿಲ್, ಮಡಚಿದ ಹೋಸ್ ಕೂಡ ಇದೇ ಕೆಲಸ ಮಾಡುತ್ತವೆ.

ಸಂಪ್‌ನಲ್ಲೇ ಒತ್ತಡ ತುಂಬಿದ್ದರೂ ಆಯಿಲ್ ಇಳಿಯದು. ಐಡಲ್‌ನಲ್ಲಿ ಆಯಿಲ್ ಕ್ಯಾಪ್ ತೆಗೆದು ತಲೆಕೆಳಗಾಗಿ ಅದರ ಬಾಯಿಯ ಮೇಲಿಡಿ. ಸಣ್ಣಗೆ ಅಲುಗಿದರೆ ಚಿಂತೆಯಿಲ್ಲ. ಹಾರಿ ಬಿದ್ದರೆ ಬ್ರೀದರ್ ಹೋಸ್ ಸ್ವಚ್ಛ ಮಾಡಿ ಮತ್ತೆ ಇಡಿ. ಆಗಲೂ ಹಾರಿದರೆ ರಿಂಗ್ ಕಡೆ ತಿರುಗಿ: ಲೀಕ್‌ಡೌನ್ ಪರೀಕ್ಷೆಯಲ್ಲಿ (ಸಿಲಿಂಡರ್‌ಗೆ ಗಾಳಿ ತುಂಬಿ ಎಲ್ಲಿ ಸೋರುತ್ತದೆ ಎಂದು ನೋಡುವುದು) ಡಿಪ್‌ಸ್ಟಿಕ್ ಕೊಳವೆಯಿಂದ ಗಾಳಿ ಸುಯ್ಯೆಂದರೆ ಖಾತ್ರಿ. ಸಿಲಿಂಡರ್‌ಗೆ ಒಂದು ಚಮಚ ಆಯಿಲ್ ಹಾಕಿ ಕಂಪ್ರೆಷನ್ ನೋಡುವ ಉಪಾಯ ಪೆಟ್ರೋಲ್‌ಗೆ ಮಾತ್ರ ಇರಲಿ. ಡೀಸೆಲ್‌ನಲ್ಲಿ ಪಿಸ್ಟನ್ ಮೇಲಿನ ಜಾಗ ಕಿರಿದು, ಅಳತೆ ಸುಳ್ಳು ಹೇಳುತ್ತದೆ.

ಏರ್ ಫಿಲ್ಟರ್ ಮರೆಯಬೇಡಿ. ಬಾಗಲಕೋಟೆಯ ಸುಣ್ಣಕಲ್ಲಿನ ಧೂಳಿಗೆ, ಕಬ್ಬಿನ ಹಂಗಾಮಿನ ರಸ್ತೆಗೆ ಅದು ಬೇಗ ಮುಚ್ಚುತ್ತದೆ. ಆಗ ಕಂಪ್ರೆಸರ್ ಬಾಯಲ್ಲಿ ಎಳೆತ ಹೆಚ್ಚಿ ಆಯಿಲನ್ನೇ ಹೀರುತ್ತದೆ.

ಶಾಫ್ಟ್ ಆಟ

ಅಡ್ಡಕ್ಕೆ ಸ್ವಲ್ಪ ಆಟ ಸಹಜ, ಆಯಿಲ್ ಒತ್ತಡ ಬಂದಾಗ ಅದು ತುಂಬುತ್ತದೆ. ಹಿಂದೆ ಮುಂದೆ ಆಡುವುದು ಕೈಗೆ ಗೊತ್ತಾದರೆ, ಇಲ್ಲವೇ ಫ್ಯಾನ್ ಹೌಸಿಂಗ್‌ಗೆ ಉಜ್ಜಿದ ಗುರುತು ಕಂಡರೆ, ಆಗ ಟರ್ಬೊ ಬದಲಿಸಿ.

ಬದಲಿಸಿದ ಮೇಲೆ ಇಂಟರ್‌ಕೂಲರ್ (ಟರ್ಬೊ ಗಾಳಿಯನ್ನು ತಣಿಸುವ ಭಾಗ) ಇಳಿಸಿ ಅಲ್ಲಿ ನಿಂತ ಆಯಿಲ್ ಪೂರ್ತಿ ಸುರಿಯಿರಿ. ಪೈಪ್‌ನಲ್ಲಿ ತೆಳು ಜಿಡ್ಡು ಬ್ರೀದರ್‌ನದು, ಇರಲಿ. ಮಡುವಾಗಿ ನಿಂತದ್ದನ್ನು ಬಿಟ್ಟರೆ ಡೀಸೆಲ್ ಎಂಜಿನ್ ಅದನ್ನೇ ಕುಡಿದು, ಕೀಲಿ ತೆಗೆದರೂ ನಿಲ್ಲದೆ ಓಡಬಹುದು. ಹಾಗಾದರೆ ಮ್ಯಾನ್ಯುಯಲ್ ಗಾಡಿಯಲ್ಲಿ ಟಾಪ್ ಗೇರ್ ಹಾಕಿ, ಬ್ರೇಕ್ ಬಲವಾಗಿ ಒತ್ತಿ ಹಿಡಿದು ಕ್ಲಚ್ ಬಿಡಿ.